5ಜಿ ಬಂದರೆ ದೇಶದ ಕೈಗಾರಿಕೆ ಬದಲಾಗುತ್ತದೆಯೇ? ನಮ್ಮ ಕಾರ್ಖಾನೆಗೆ ಈಗಲೇ ಹಾಕಿಸಬೇಕೇ?

ಬದಲಾಗುತ್ತದೆ, ಹಾಕಿಸಲೇಬೇಕು ಎಂದು ಒಂದು ಕಾಲದಲ್ಲಿ ನಮ್ಮ ಆಡಳಿತ ಮಂಡಳಿಯ ಮುಂದೆ ಪಟ್ಟು ಹಿಡಿದು ವಾದಿಸಿದವನು ನಾನು. ಬಿಡಿಭಾಗಗಳ ದೋಷವನ್ನು ಕ್ಯಾಮೆರಾಗಳಿಂದ ಪತ್ತೆಹಚ್ಚುವ ವ್ಯವಸ್ಥೆಯನ್ನು ಕಟ್ಟುವ ಹೊಣೆ ನನ್ನ ಮೇಲಿತ್ತು. ಕೇಬಲ್ ಎಳೆಸುವ ಬದಲು ಸಾರ್ವಜನಿಕ 5ಜಿ ಜಾಲವನ್ನೇ ಬಳಸೋಣವೆಂದು, ಪರೀಕ್ಷೆಯಲ್ಲಿ ಕಂಡ ಡೌನ್‌ಲೋಡ್ ವೇಗವನ್ನು ನಂಬಿ ಸಾಧನಗಳನ್ನೆಲ್ಲ ತರಿಸಿದೆ.

ಎಡವಿದ್ದು ಆ ಅಂಕಿಯನ್ನು ನಂಬಿದ್ದರಲ್ಲಿ. 3.5 ಗಿಗಾಹರ್ಟ್ಸ್ ಆಸುಪಾಸಿನ 5ಜಿ ಬ್ಯಾಂಡ್‌ಗಳಲ್ಲಿ ಅಪ್‌ಲೋಡ್‌ಗೂ ಡೌನ್‌ಲೋಡ್‌ಗೂ ಬೇರೆ ಬೇರೆ ತರಂಗಾಂತರಗಳಿರುವುದಿಲ್ಲ. ಒಂದೇ ತರಂಗಾಂತರದ ಸಮಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಎರಡಕ್ಕೂ ಹಂಚುತ್ತಾರೆ. ಜನರು ಫೋನಿನಲ್ಲಿ ಕಳಿಸುವುದಕ್ಕಿಂತ ನೋಡುವುದೇ ಹೆಚ್ಚಾದ್ದರಿಂದ ಬಹುಪಾಲು ತುಣುಕುಗಳು ಡೌನ್‌ಲೋಡ್‌ಗೆ ಹೋಗುತ್ತವೆ. ಕಾರ್ಖಾನೆಯ ಕ್ಯಾಮೆರಾ ಇಳಿಸಿಕೊಳ್ಳುವುದು ಅತ್ಯಲ್ಪ, ಕಳಿಸುವುದು ಎಡೆಬಿಡದೆ. ಕ್ಯಾಮೆರಾಗಳು ಹೆಚ್ಚಿದಂತೆ ಚಿತ್ರಗಳು ಸರದಿಯಲ್ಲಿ ನಿಂತವು; ದೋಷವಿದೆ ಎಂಬ ತೀರ್ಪು ಬರುವಷ್ಟರಲ್ಲಿ ಆ ಬಿಡಿಭಾಗ ಮುಂದಿನ ಹಂತವನ್ನು ದಾಟಿರುತ್ತಿತ್ತು. ಹಂಚಿಕೆಯನ್ನು ನಮಗಾಗಿ ಬದಲಿಸಿ ಎಂದು ಕೇಳುವಂತೆಯೂ ಇರಲಿಲ್ಲ, ಏಕೆಂದರೆ ಅಕ್ಕಪಕ್ಕದ ಟವರ್‌ಗಳು ಒಂದೇ ತಾಳಕ್ಕೆ ನಡೆಯದಿದ್ದರೆ ಒಂದರ ಸಂಕೇತ ಇನ್ನೊಂದನ್ನು ಕೆಡಿಸುತ್ತದೆ. ಕೊನೆಗೆ ಕೇಬಲ್ ಎಳೆಸಿ, ಎರಡು ಬಾರಿ ಖರ್ಚು ಮಾಡಿದಂತಾಯಿತು.

ಆದ್ದರಿಂದ ಜಾಲ ಬಂದರೆ ಕೈಗಾರಿಕೆ ತಾನಾಗಿ ಬದಲಾಗುತ್ತದೆ ಎಂಬ ನಿಮ್ಮ ಪ್ರಶ್ನೆಯ ಹಿಂದಿನ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಮೊಬೈಲ್ ಜಾಲಗಳ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವಾದ 3ಜಿಪಿಪಿ 2018ರಲ್ಲಿ ಪೂರ್ಣಗೊಳಿಸಿದ ರಿಲೀಸ್ 15, ಅಂದರೆ ಮೊದಲ 5ಜಿ ಮಾನದಂಡ, ಮುಖ್ಯವಾಗಿ ಫೋನ್ ಬಳಕೆದಾರರ ವೇಗವನ್ನು ನೋಡಿಕೊಂಡಿತು. ಯಂತ್ರಗಳಿಗೆ ಬೇಕಾದ ಸಮಯದ ನಿಖರತೆಯ ಮೇಲೆ ಗಮನ ಹರಿದದ್ದು 2020ರ ರಿಲೀಸ್ 16ರಲ್ಲಿ. ಜರ್ಮನಿಯು 3.7ರಿಂದ 3.8 ಗಿಗಾಹರ್ಟ್ಸ್‌ವರೆಗಿನ ಬ್ಯಾಂಡನ್ನು ಹರಾಜಿನಿಂದ ಹೊರಗಿಟ್ಟು, ಕಾರ್ಖಾನೆಗಳೇ ಸ್ವಂತ ಜಾಲ ಕಟ್ಟಿಕೊಳ್ಳಲೆಂದು 2019ರಿಂದ ಸ್ಥಳೀಯ ಪರವಾನಗಿ ಕೊಡುತ್ತಿದೆ. ಒಂದು ದೇಶದ ಉತ್ಪಾದನಾ ವಲಯಕ್ಕೆ ಟವರ್‌ಗಳ ಸಂಖ್ಯೆಗಿಂತ ಇಂಥ ನಿರ್ಧಾರವೇ ಹೆಚ್ಚು ಉಪಕಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ನೀವು ಮೊದಲು ಪ್ರತಿ ಯಂತ್ರ ಎಷ್ಟು ದತ್ತಾಂಶ ಕಳಿಸುತ್ತದೆ, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬಲ್ಲದು ಎಂಬುದನ್ನು ಅಳೆಯಿರಿ. ನಿಂತಲ್ಲೇ ನಿಲ್ಲುವ ಯಂತ್ರಕ್ಕೆ ಕೇಬಲ್ ಸಾಕು. ಚಾಲಕರಿಲ್ಲದ ಗಾಡಿ, ಕ್ರೇನ್‌ಗಳಂತೆ ಓಡಾಡುವ ಯಂತ್ರಗಳಿದ್ದರೆ ಮಾತ್ರ 5ಜಿಯನ್ನು ಪರಿಶೀಲಿಸಿ, ಅದೂ ಅಪ್‌ಲೋಡ್ ಪಾಲನ್ನು ನೀವೇ ನಿಗದಿಪಡಿಸಬಲ್ಲ ಖಾಸಗಿ ಜಾಲಕ್ಕೆ ನಿಮ್ಮ ದೇಶದಲ್ಲಿ ಅನುಮತಿ ಸಿಗುವುದಾದರೆ.