ಓದುಗರ ಪ್ರಶ್ನೆ, ತಜ್ಞರ ಉತ್ತರ: ಜರ್ಮನ್ ಬ್ಯಾಡ್ಜಿನ ಬೆನ್ನು ಹೇಳುವ ಕಥೆ

ಪ್ರಶ್ನೆ: ನಮ್ಮ ತಾತ ಮದರಾಸು ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯಲ್ಲಿದ್ದರು, ಇಟಲಿಯ ಯುದ್ಧಕ್ಕೆ ಹೋಗಿದ್ದರು. ಅವರ ಟ್ರಂಕಿನಲ್ಲಿ ಕಪ್ಪು ಬಣ್ಣದ ಅಂಡಾಕಾರದ ಬ್ಯಾಡ್ಜ್ ಸಿಕ್ಕಿದೆ. ಎಲೆಗಳ ಮಾಲೆಯ ನಡುವೆ ಉಕ್ಕಿನ ಟೋಪಿ, ಅದರ ಮೇಲೆ ಸ್ವಸ್ತಿಕ, ಹಿಂದೆ ಅಡ್ಡಕತ್ತಿಗಳಿವೆ. ಬಣ್ಣ ಹೋದ ಕಡೆ ಹಳದಿ ಲೋಹ ಕಾಣುತ್ತದೆ. ಗೆಳೆಯರೊಬ್ಬರ ಬಳಿ ಇರುವ ಇಂಥದ್ದೇ ಬ್ಯಾಡ್ಜ್ ತುಕ್ಕು ಹಿಡಿದಿದೆ. ಎರಡರಲ್ಲೂ ತಯಾರಕರ ಗುರುತಿಲ್ಲ. ಯಾವುದು ಅಸಲಿ? (ಬೆಂಗಳೂರು)

ಉತ್ತರ: ಎರಡೂ ಅಸಲಿ ಇರಬಹುದು. ಇದು ಯುದ್ಧದಲ್ಲಿ ಗಾಯಗೊಂಡವರಿಗೆ ಜರ್ಮನಿ ಕೊಡುತ್ತಿದ್ದ ಬ್ಯಾಡ್ಜ್. ಒಂದೆರಡು ಸಲ ಗಾಯಗೊಂಡವರಿಗೆ ಕಪ್ಪು, ಮೂರು ನಾಲ್ಕು ಸಲಕ್ಕೆ ಬೆಳ್ಳಿ ಬಣ್ಣದ್ದು, ಐದು ಅಥವಾ ಹೆಚ್ಚು ಸಲಕ್ಕೆ ಚಿನ್ನದ ಬಣ್ಣದ್ದು ಸಿಗುತ್ತಿತ್ತು. ಕಪ್ಪು ಬ್ಯಾಡ್ಜನ್ನು ತೆಳು ತಗಡಿನಲ್ಲಿ ಅಚ್ಚೊತ್ತುತ್ತಿದ್ದುದರಿಂದ ಅದರ ಹಿಂಬದಿ ಟೊಳ್ಳು. ಮೊದಮೊದಲು ಬಳಸಿದ್ದು ಹಿತ್ತಾಳೆ. ಯುದ್ಧ ಮುಂದುವರಿದಂತೆ ತಾಮ್ರ ಬೆರೆತ ಲೋಹವೆಲ್ಲ ಮದ್ದುಗುಂಡಿನ ಕಾರ್ಖಾನೆಗಳ ಪಾಲಾಯಿತು, ಬ್ಯಾಡ್ಜುಗಳಿಗೆ ಉಕ್ಕಿನ ತಗಡು ಬಂತು. ನಿಮ್ಮದರ ಹಳದಿಗೂ ಗೆಳೆಯರದರ ತುಕ್ಕಿಗೂ ಕಾರಣ ಇದೇ. ಅಯಸ್ಕಾಂತ ಹಿಡಿದು ನೋಡಿ: ಅವರದು ಅಂಟಿಕೊಳ್ಳುತ್ತದೆ, ನಿಮ್ಮದು ಅಂಟುವುದಿಲ್ಲ. ಆದರೆ ಪಿನ್ನಿನ ಹತ್ತಿರ ಹಿಡಿಯಬೇಡಿ, ಹಿತ್ತಾಳೆಯ ಬ್ಯಾಡ್ಜಿಗೂ ಉಕ್ಕಿನ ಪಿನ್ನು ಇರುವುದುಂಟು. ಗುರುತಿಲ್ಲದ ಕಪ್ಪು ಬ್ಯಾಡ್ಜುಗಳು ಬೇಕಾದಷ್ಟಿವೆ, ಅದಕ್ಕಾಗಿ ಅನುಮಾನ ಬೇಡ.

ನೀವು ಮೊದಲು ನೋಡಬೇಕಾದದ್ದು ಟೋಪಿಯನ್ನು. ಪಕ್ಕದಲ್ಲಿ ಗುಬಟು ಚಾಚಿಕೊಂಡ, ಅಂಚು ಆಳಕ್ಕಿಳಿದ ಹಳೆಯ ಟೋಪಿಯಿದ್ದು ಸ್ವಸ್ತಿಕ ಇಲ್ಲದಿದ್ದರೆ ಅದು ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಆರಂಭವಾದ ಬ್ಯಾಡ್ಜ್. ಅದೇ ಹಳೆಯ ಟೋಪಿಯ ಮೇಲೆ ಸ್ವಸ್ತಿಕ ಇದ್ದರೆ, ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿದ ಜರ್ಮನ್ ಪಡೆ ಕಾಂಡೋರ್ ಲೀಜನ್‌ಗಾಗಿ 1939ರ ಮೇ ತಿಂಗಳಲ್ಲಿ ಬಂದ ಮಾದರಿ. ಹೊಸ ಟೋಪಿ ಮತ್ತು ಸ್ವಸ್ತಿಕ ಎರಡೂ ಇದ್ದರೆ ಎರಡನೇ ಮಹಾಯುದ್ಧದ ಸಾಮಾನ್ಯ ಮಾದರಿ. ಹೊಸ ಟೋಪಿಯಿದ್ದು ಸ್ವಸ್ತಿಕ ಇಲ್ಲವೆಂದರೆ 1957ರ ಪಶ್ಚಿಮ ಜರ್ಮನಿಯ ಕಾನೂನಿನ ನಂತರ ಮಾಡಿದ್ದು. ಹಳೆಯ ಸೈನಿಕರು ನಾಜಿ ಚಿಹ್ನೆ ತೆಗೆದ ಬ್ಯಾಡ್ಜನ್ನು ಧರಿಸಲು ಆ ಕಾನೂನು ಅನುಮತಿ ಕೊಟ್ಟಿತು.

ನಿಮ್ಮ ತಾತನ ವಿಷಯಕ್ಕೆ ಬಂದರೆ, 1944ರಲ್ಲಿ ಇಟಲಿಯ ಮಾಂಟೆ ಕ್ಯಾಸಿನೊದಲ್ಲಿ ಹೋರಾಡಿದ ನಾಲ್ಕನೇ ಭಾರತೀಯ ಡಿವಿಷನ್ನಿನಲ್ಲಿ ಮದರಾಸು ಸ್ಯಾಪರ್ಸ್ ತುಕಡಿಯೂ ಇತ್ತು. ಬ್ಯಾಡ್ಜಿನ ಜೊತೆಗೆ ಅವರ ಸೇವಾ ಪುಸ್ತಕವನ್ನೂ ಇಡಿ. ಸೇವಾ ಪುಸ್ತಕವಿಲ್ಲದ ಬ್ಯಾಡ್ಜ್ ಸಂತೆಯಲ್ಲಿ ಕೊಂಡ ಬ್ಯಾಡ್ಜಿಗಿಂತ ಹೆಚ್ಚೇನನ್ನೂ ಹೇಳದು.

ಪ್ರಶ್ನೆ: ಕಾಲಾಳುಗಳ ದಾಳಿ ಬ್ಯಾಡ್ಜುಗಳು ಎರಡಿವೆ. ಒಂದು ಭಾರವಾಗಿ ಹೊಳೆಯುತ್ತದೆ, ಇನ್ನೊಂದು ಹಗುರ, ಬೂದು ಬಣ್ಣ. ಹಗುರವಾದದ್ದು ನಕಲಿಯೇ? (ಮೈಸೂರು)

ಉತ್ತರ: ತೂಕ ನೋಡಿ ತೀರ್ಪು ಕೊಡಬೇಡಿ. 1939ರ ಡಿಸೆಂಬರಿನಲ್ಲಿ ಶುರುವಾದ ಈ ಬ್ಯಾಡ್ಜನ್ನು ಮೊದಲು ಟೊಂಬಾಕ್‌ನಿಂದ, ಅಂದರೆ ತಾಮ್ರದ ಪಾಲು ಹೆಚ್ಚಿರುವ ಹಿತ್ತಾಳೆಯಿಂದ ಮಾಡಿ ಬೆಳ್ಳಿ ಲೇಪ ಕೊಡುತ್ತಿದ್ದರು. ನಂತರ ಸತು ಬಂತು. ಸತುವಿನ ಮೇಲೆ ಲೇಪ ನಿಲ್ಲುವುದಿಲ್ಲ, ಕೆಲವು ವರ್ಷಗಳಲ್ಲೇ ಒಳಕ್ಕೆ ಇಂಗಿದಂತಾಗಿ ಬೂದು ಉಳಿಯುತ್ತದೆ. ಅಳತೆ ಒಂದೇ ಇದ್ದರೂ ಸತುವಿನದು ಸುಮಾರು ಐದನೇ ಒಂದು ಪಾಲು ಹಗುರ.

ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕೀಲು, ಪಿನ್ನು, ಕೊಕ್ಕೆ ಈ ಮೂರನ್ನು ಪ್ರತಿ ಕಾರ್ಖಾನೆಯೂ ತನ್ನದೇ ರೀತಿಯಲ್ಲಿ ಕೂರಿಸುತ್ತಿತ್ತು. ಒಂದೆಡೆ ಕೊಕ್ಕೆಯನ್ನು ನೇರವಾಗಿ ಬೆಸೆದಿರುತ್ತದೆ, ಇನ್ನೊಂದೆಡೆ ಚಿಕ್ಕ ದುಂಡು ತಗಡಿನ ಮೇಲೆ ಇಟ್ಟು ಬೆಸೆದಿರುತ್ತದೆ. ಅದಕ್ಕೇ ಹಿಂಬದಿಯ ಚಿತ್ರವಿಲ್ಲದ ಮಾರಾಟಗಾರರಿಂದ ನಾನು ಏನನ್ನೂ ಕೊಳ್ಳುವುದಿಲ್ಲ. ಇನ್ನು ಬ್ಯಾಡ್ಜಿನ ಮೇಲೆ ಕೊರೆದಿರುವ ತಯಾರಕರ ಸಂಖ್ಯೆ. ಲ್ಯೂಡೆನ್‌ಶೈಡ್ ಊರಿನ ಸ್ಟೈನ್‌ಹಾಯರ್ ಉಂಡ್ ಲ್ಯೂಕ್ ಕಂಪನಿಗೆ ಸರ್ಕಾರಕ್ಕೆ ಪೂರೈಸುವಾಗ 4, ಅಂಗಡಿಗಳಲ್ಲಿ ಮಾರುವಾಗ ಎಲ್/16. ಒಂದೇ ಕಂಪನಿಗೆ ಎರಡು ಸಂಖ್ಯೆ ಕಂಡು ಗಾಬರಿಯಾಗಬೇಡಿ. ಹಾಗೆಂದು ಸಂಖ್ಯೆಯನ್ನು ಪೂರ್ತಿ ನಂಬಲೂ ಬೇಡಿ. ನಕಲಿ ಮಾಡುವವನಿಗೆ ಅತಿ ಸುಲಭದ ಕೆಲಸವೇ ಸಂಖ್ಯೆ ಕೊರೆಯುವುದು.

ಅವನಿಗೆ ಕಷ್ಟವಾಗುವುದು ಅಚ್ಚಿನ ದೋಷ. ಸಾವಿರಾರು ಸಲ ಹೊಡೆತ ತಿಂದ ಅಚ್ಚಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಓಕ್ ಎಲೆಯ ನರದ ಪಕ್ಕದಲ್ಲೋ ಬಂದೂಕಿನ ಪಟ್ಟಿಯ ಅಂಚಿನಲ್ಲೋ ಅದು ತೆಳುವಾದ ಉಬ್ಬುಗೆರೆಯಾಗಿ ಮೂಡುತ್ತದೆ, ಆ ಅಚ್ಚಿನ ಮುಂದಿನ ಬ್ಯಾಡ್ಜುಗಳೆಲ್ಲದರಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಖಚಿತವಾಗಿ ಅಸಲಿ ಎಂದು ಗೊತ್ತಿರುವ ಬ್ಯಾಡ್ಜಿನ ಪಕ್ಕದಲ್ಲಿಟ್ಟು ಈ ಗೆರೆಯನ್ನು ಹುಡುಕಿ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲೂ ಗೆರೆ ಬಂದೀತು, ಆದರೆ ಮೊಂಡಾಗಿ ಬರುತ್ತದೆ. ಲೋಹ ತಣಿಯುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ.

ಪ್ರಶ್ನೆ: ಇವನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದೇ? (ಹಾಸನ)

ಉತ್ತರ: ಖಂಡಿತ ಬೇಡ. ಹುಳಿ ಸತುವನ್ನು ತಿನ್ನುತ್ತದೆ, ಉಜ್ಜಿದರೆ ಲೇಪವೂ ಬಣ್ಣವೂ ಹೋಗುತ್ತವೆ. ಅವು ಹೋದರೆ ಕಾಲ ಹೇಳುವ ಸಾಕ್ಷಿಯೇ ಹೋದಂತೆ. ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದು, ಪಿವಿಸಿ ಪ್ಲಾಸ್ಟಿಕ್ ಚೀಲ ಬಿಟ್ಟು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡಿ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ, ಅದನ್ನು ಆಗಾಗ ಬದಲಾಯಿಸಿ.