ಧಾರೆ ಸೀರೆ ಬೇಡ ಎಂದರೆ ಸೀರೆಯೇ ಬೇಡ ಎಂದಲ್ಲ

ಕಾಸರಗೋಡಿನ ಪೆರ್ಲದಿಂದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಹೋಗಿ ಕೆಲಸಕ್ಕೆ ಸೇರಿರುವ ತಂಗಿಗೆ,

ನಿಮ್ಮ ಪ್ರಶ್ನೆಯನ್ನು ನಾನು ನೀರ್ಚಾಲಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಓದಿದೆ. ಅಣ್ಣನ ಮಗಳ ಮದುವೆಗೆಂದು ಊರಿಗೆ ಬಂದು ಎರಡು ವಾರವಾಯಿತು. ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ಬಿಸಿಲು ಚುರುಗುಟ್ಟುತ್ತಿದೆ. ಇಲ್ಲಿ ಕುಳಿತು ಲೀಡ್ಸಿನ ಡಿಸೆಂಬರ್ ಚಳಿಯ ಬಗ್ಗೆ ಬರೆಯುವಾಗ ಅದನ್ನು ಹಗುರವಾಗಿ ಹೇಳಿಬಿಡುವ ಅಪಾಯವಿದೆ ಎಂಬ ಎಚ್ಚರ ನನಗಿದೆ. ನೀವು ಕೇಳಿದ್ದು ಇಷ್ಟು: ಡಿಸೆಂಬರ್ ತಿಂಗಳ ಎರಡನೆಯ ಶುಕ್ರವಾರ ರಾತ್ರಿ ನಿಮ್ಮ ಕಚೇರಿಯ ಕ್ರಿಸ್ಮಸ್ ಕೂಟವಿದೆ, ಆಮಂತ್ರಣದಲ್ಲಿ ‘ಸ್ಮಾರ್ಟ್ ಕ್ಯಾಶುವಲ್, ಫೆಸ್ಟಿವ್’ ಎಂದು ಬರೆದಿದೆ, ಅಮ್ಮ ಫೋನಿನಲ್ಲಿ ಧಾರೆ ಸೀರೆಯನ್ನೇ ಉಡು ಎನ್ನುತ್ತಾರೆ, ಜೊತೆಗಿರುವ ಗೆಳತಿ ಸೀರೆ ಉಟ್ಟರೆ ಕೂಟದಲ್ಲಿ ಒಂಟಿಯಾಗಿ ಕಾಣುವೆ, ಮೊಣಕಾಲುದ್ದದ ಡ್ರೆಸ್ ಕೊಂಡುಕೋ ಎನ್ನುತ್ತಾಳೆ, ಇಬ್ಬರಲ್ಲಿ ಯಾರ ಮಾತು ಸರಿ?

ನನ್ನ ಅಭಿಪ್ರಾಯದಲ್ಲಿ ಇಬ್ಬರ ಮಾತೂ ಸರಿಯಲ್ಲ. ನೀವು ಸೀರೆ ಉಡಬಹುದು, ಆದರೆ ಧಾರೆ ಸೀರೆಯನ್ನಲ್ಲ. ಇದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ವರ್ಷಗಳಲ್ಲಿ ಇಂತಹ ಆಮಂತ್ರಣಗಳು ನಿಮಗೆ ಇನ್ನೂ ಬರುತ್ತವೆ ಮತ್ತು ಪ್ರತಿ ಸಲ ಅದರಲ್ಲಿ ಬೇರೆ ಬೇರೆ ಪದಗಳಿರುತ್ತವೆ.

ಆ ಪದಗಳನ್ನು ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ‘ಕ್ಯಾಶುವಲ್’ ಎಂದರೆ ಮನೆಯಲ್ಲಿ ಉಟ್ಟುಕೊಂಡಂತೆ ಬನ್ನಿ ಎಂದಲ್ಲ. ‘ಸ್ಮಾರ್ಟ್ ಕ್ಯಾಶುವಲ್’ ಎಂದರೆ ಕಚೇರಿಯ ಸೂಟು, ಟೈ ಬೇಡ, ಆದರೆ ಇಸ್ತ್ರಿ ಹಾಕಿದ, ಹರಿಯದ, ಮಾಸದ, ಅಚ್ಚುಕಟ್ಟಾದ ಉಡುಪಿರಲಿ ಎಂದರ್ಥ. ಗಾಢ ಬಣ್ಣದ ಜೀನ್ಸಿನ ಮೇಲೆ ಒಳ್ಳೆಯ ರೇಷ್ಮೆಯ ಅಂಗಿ ತೊಟ್ಟು ಬರುವವರೂ ಆ ಕೂಟದಲ್ಲಿ ಇರುತ್ತಾರೆ. ಅದರ ಪಕ್ಕದಲ್ಲಿ ‘ಫೆಸ್ಟಿವ್’ ಎಂದು ಸೇರಿಸಿದರೆ ಒಂದಿಷ್ಟು ಹೊಳಪು, ಕೆಂಪು ಅಥವಾ ಹಸಿರು ಬಣ್ಣ, ಮಖಮಲ್ಲು, ಮಿಂಚುವ ಚಕ್ಕಿ ಹಚ್ಚಿದ ಬಟ್ಟೆ ಇವು ಒಪ್ಪುತ್ತವೆ ಎಂದು ತಿಳಿಯಬೇಕು. ‘ಕಾಕ್‌ಟೇಲ್’ ಎಂದಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ‘ಬ್ಲ್ಯಾಕ್ ಟೈ’ ಎಂದಿದ್ದರೆ ಗಂಡಸರಿಗೆ ಕಪ್ಪು ಡಿನ್ನರ್ ಜಾಕೆಟ್ಟು, ಚಿಟ್ಟೆಯಾಕಾರದ ಬೋ ಟೈ, ಹೆಂಗಸರಿಗೆ ಹೆಚ್ಚಾಗಿ ನೆಲ ಮುಟ್ಟುವ ಉಡುಪು. ಕಪ್ಪು ಬಣ್ಣದ್ದೇ ಉಡಬೇಕೆಂಬ ಕಟ್ಟಳೆ ಹೆಂಗಸರಿಗೆ ಇಲ್ಲ. ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಡ್ರೆಸ್ ಆದರೆ ಈ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಕೊಳ್ಳಬೇಕು, ಆದರೆ ಸೀರೆ ಎಲ್ಲ ಮೆಟ್ಟಿಲಿಗೂ ಸಲ್ಲುತ್ತದೆ. ಯಾವ ಸೀರೆ ಎಂಬುದನ್ನಷ್ಟೇ ಆರಿಸಬೇಕು. ನಿಮ್ಮ ತಾಯಿಯವರು ಹೇಳುವ ಧಾರೆ ಸೀರೆ ಬ್ಲ್ಯಾಕ್ ಟೈ ಕೂಟಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಸ್ಮಾರ್ಟ್ ಕ್ಯಾಶುವಲ್ ಕೂಟಕ್ಕೆ ಅದು ಹೆಚ್ಚಾಯಿತು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 2006ರಲ್ಲಿ ನಾನು ಲೀಡ್ಸಿಗೆ ಹೋದ ಮೊದಲ ಡಿಸೆಂಬರಿನಲ್ಲಿ ನಾನಿದ್ದ ಕಚೇರಿಯವರು ಒಂದು ಪಬ್ಬಿನ ಮೇಲಂತಸ್ತಿನಲ್ಲಿ ಊಟವಿಟ್ಟುಕೊಂಡಿದ್ದರು. ಹಬ್ಬದ ಊಟವೆಂದರೆ ಪಟ್ಟೆ ಸೀರೆಯೇ ಆಗಬೇಕೆಂದು ನಂಬಿ, ನನ್ನ ಧಾರೆಯ ದಿನ ಉಟ್ಟ ಕಾಂಚೀಪುರಂ ಸೀರೆಯನ್ನು ಉಟ್ಟು, ಕಾಲಿಗೆ ಬೆರಳು ಕಾಣುವ ಚಪ್ಪಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಅಲ್ಲಿ ಎಲ್ಲರೂ ಪ್ಯಾಂಟು, ಸ್ವೆಟರುಗಳಲ್ಲಿದ್ದರು. ಯಾರೂ ಒಂದು ಕೊಂಕು ಮಾತನ್ನೂ ಆಡಲಿಲ್ಲ, ಬದಲಾಗಿ ಸೀರೆಯ ನೇಯ್ಗೆಯ ಬಗ್ಗೆ ಅಕ್ಕರೆಯಿಂದ ಕೇಳಿದರು. ಆದರೂ ನಾನು ಮೂರು ಗಂಟೆ ಕಾಲ ಕುರ್ಚಿಯಿಂದ ಏಳದೆ ಕುಳಿತೆ. ನನಗೆ ಇಂದಿಗೂ ಸಂಕಟವಾಗುವುದು ಅದರಿಂದಲ್ಲ. ಮಂಜುಗಟ್ಟುವ ರಾತ್ರಿಗಳಲ್ಲಿ ಅಲ್ಲಿನ ರಸ್ತೆಗಳ ಮೇಲೆ ಉಪ್ಪು ಎರಚುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಬಸ್ಸಿಳಿದು ಮನೆಗೆ ನಡೆಯುವಾಗ ಆ ಉಪ್ಪುನೀರಿನಲ್ಲಿ ಸೀರೆಯ ಅಂಚು ಗೇಣುದ್ದ ನೆನೆಯಿತು. ಒಣಗಿದ ಮೇಲೆ ಬಿಳಿಯ ಗೆರೆ ಉಳಿಯಿತು, ಜರಿ ಮಂಕಾಯಿತು, ಎಷ್ಟು ಪ್ರಯತ್ನಿಸಿದರೂ ಸರಿಹೋಗಲಿಲ್ಲ. ನಿಮ್ಮ ತಾಯಿಯವರಿಗೆ ಈ ಸಂಗತಿಯನ್ನು ಹೇಳಿದರೆ ಅವರು ಧಾರೆ ಸೀರೆಯ ಮಾತನ್ನು ತಾವಾಗಿಯೇ ಬಿಡುತ್ತಾರೆ ಎಂದು ನನಗೆ ಅನಿಸುತ್ತದೆ.

ಇನ್ನು ನಿಮ್ಮ ಗೆಳತಿಯ ಮಾತು. ಕ್ರಿಸ್ಮಸ್ ಎಂದರೆ ಬೇರೆಯವರ ಹಬ್ಬ, ಅದಕ್ಕೆ ಬೇರೆಯವರ ಉಡುಪೇ ಬೇಕು ಎಂಬ ಭಾವನೆ ಅದರ ಹಿಂದೆ ಇರುವಂತೆ ಕಾಣುತ್ತದೆ. ನಮ್ಮ ಕಡೆಯವರಿಗೆ ಈ ಭಾವನೆ ಬರಬೇಕಾಗಿಲ್ಲ. ನಾನು ಕೂತಿರುವ ಈ ಜಗಲಿಯಿಂದ ಬೇಳದ ಇಗರ್ಜಿ ದೂರವಿಲ್ಲ. 1890ರಲ್ಲಿ ಆರಂಭವಾದ ಆ ಇಗರ್ಜಿಗೆ ಕ್ರಿಸ್ಮಸ್ಸಿನ ಮುನ್ನಾದಿನ ರಾತ್ರಿ ನಮ್ಮ ನೆರೆಯ ಕೊಂಕಣಿ ಕ್ರೈಸ್ತ ಹೆಂಗಸರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋಗುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಮರುದಿನ ಅವರು ತಟ್ಟೆಯಲ್ಲಿ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ತಂದುಕೊಡುತ್ತಿದ್ದರು, ಅದರಲ್ಲಿ ನೆವ್ರಿ, ಕಿಡಿಯೊ, ಗುಲಾಬಿಯಾಕಾರದ ಕೊಕ್ಕಿಸು ಇರುತ್ತಿದ್ದವು. ನಾನು ಕಂಡ ಮೊದಲ ಕ್ರಿಸ್ಮಸ್ ಸೀರೆಯ ಕ್ರಿಸ್ಮಸ್. ಆ ಹಬ್ಬಕ್ಕೂ ಸೀರೆಗೂ ಹೊಂದದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅದೇ ಹೊತ್ತಿಗೆ, ಡ್ರೆಸ್ ತೊಡುವುದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ನಿಮ್ಮ ಬರವಣಿಗೆಯಲ್ಲಿ ಆ ಅಳುಕೂ ನನಗೆ ಕಂಡಿತು. ನೀವು ಓದಿದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓಣಂ ಆಚರಣೆಯ ದಿನ ನಿಮ್ಮ ಕನ್ನಡ ಟೀಚರುಗಳು ಜರಿಯಂಚಿನ ಕಸವು ಸೀರೆ ಉಟ್ಟು ಬಂದು ಮಕ್ಕಳೊಡನೆ ಪೂಕಳಂ, ಅಂದರೆ ಹೂವಿನ ರಂಗೋಲಿ, ಹಾಕಿದ್ದನ್ನು ನೀವೂ ನೋಡಿರುತ್ತೀರಿ. ಹಾಗೆ ಉಟ್ಟದ್ದರಿಂದ ಅವರ ಕನ್ನಡವೇನೂ ಕಡಿಮೆಯಾಗಲಿಲ್ಲ. ಕೂಡಿ ಆಚರಿಸುವ ದಿನ ಕೂಡಿ ಉಟ್ಟರು, ಅಷ್ಟೆ. ಕಾಸರಗೋಡಿನಲ್ಲಿ ಬೆಳೆದವರಿಗೆ ತಮ್ಮದನ್ನು ಬಿಡದೆ ಇನ್ನೊಬ್ಬರ ಹಬ್ಬದ ಬಟ್ಟೆ ತೊಡುವ ಅಭ್ಯಾಸ ಚಿಕ್ಕಂದಿನಿಂದಲೇ ಇದೆ, ಅದನ್ನು ಲೀಡ್ಸಿನಲ್ಲಿ ಹೊಸದಾಗಿ ಕಲಿಯಬೇಕಾಗಿಲ್ಲ. ಆದ್ದರಿಂದ ಡ್ರೆಸ್ ನಿಮಗೆ ಇಷ್ಟವಾದರೆ ತೊಡಿ. ನಾಲ್ಕು ಜನರಿಗೆ ಬೇರೆಯಾಗಿ ಕಾಣುತ್ತೇನೆಂಬ ಭಯಕ್ಕೆ ಮಾತ್ರ ತೊಡಬೇಡಿ. ಮೊಣಕಾಲು ಕಾಣುವ ಉಡುಪು ಇದುವರೆಗೆ ತೊಡದವರು ಅದನ್ನು ಮೊದಲ ಬಾರಿಗೆ ಕಚೇರಿಯ ಮೇಲಧಿಕಾರಿಗಳೆಲ್ಲ ಇರುವ ಕೂಟದಲ್ಲಿ ತೊಟ್ಟರೆ ಇಡೀ ರಾತ್ರಿ ಅದನ್ನು ಕೆಳಗೆಳೆಯುವುದರಲ್ಲೇ ಕಳೆಯುತ್ತಾರೆ. ಕೊಳ್ಳುವುದೇ ಆದರೆ ಪಾದದ ಗಂಟಿನವರೆಗೆ ಬರುವ, ತೋಳು ಪೂರ್ತಿ ಇರುವ ಉಡುಪುಗಳೂ ಬೇಕಾದಷ್ಟು ಸಿಗುತ್ತವೆ. ದಾನದ ಅಂಗಡಿಗಳನ್ನು, ಅಲ್ಲಿ ಚಾರಿಟಿ ಶಾಪ್ ಎನ್ನುತ್ತಾರೆ, ಮೊದಲು ನೋಡಿ. ಒಮ್ಮೆ ಮಾತ್ರ ತೊಟ್ಟ ಕೂಟದ ಉಡುಪುಗಳು ಅಲ್ಲಿ ಕಡಿಮೆ ಬೆಲೆಗೆ ಬರುತ್ತವೆ. ಆನ್‌ಲೈನಿನಲ್ಲಿ ತರಿಸಿಕೊಂಡರೆ ಕೈಸೇರಿದ 14 ದಿನಗಳೊಳಗೆ ಬೇಡವೆಂದು ತಿಳಿಸುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಆ ಹಕ್ಕು ಇಲ್ಲ, ಅದು ಅಂಗಡಿಯವರ ನಿಯಮವನ್ನು ಅವಲಂಬಿಸಿದ್ದು. ರಸೀದಿ ಪಡೆಯುವಾಗಲೇ ಕೇಳಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಚಳಿಯ ವಿಷಯ. ಡಿಸೆಂಬರಿನ ನಡುವೆ ಲೀಡ್ಸಿನಲ್ಲಿ ಮಧ್ಯಾಹ್ನ ಮೂರು ಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಕೂಟಕ್ಕೆಂದು ನೀವು ಏಳು ಗಂಟೆಗೆ ಹೊರಡುವಾಗ ಸೂರ್ಯ ಮುಳುಗಿ ಮೂರು ತಾಸು ದಾಟಿರುತ್ತದೆ, ಮರಳುವ ವೇಳೆಗೆ ಉಷ್ಣಾಂಶ ಶೂನ್ಯದ ಸಮೀಪಕ್ಕೆ ಇಳಿದಿರಬಹುದು. ಕೂಟ ನಡೆಯುವ ಕೋಣೆಯ ಒಳಗೆ ಹೀಟರಿನ ಸೆಕೆ, ಹೊರಗೆ ಮೂಳೆ ಕೊರೆಯುವ ಗಾಳಿ. ಟ್ಯಾಕ್ಸಿಗಾಗಿ ರಸ್ತೆಯ ಬದಿಯಲ್ಲಿ ನಿಲ್ಲುವ ಆ ಇಪ್ಪತ್ತು ನಿಮಿಷವನ್ನು ಮನಸ್ಸಿನಲ್ಲಿಟ್ಟುಕೊಂಡು ಬಟ್ಟೆ ಆರಿಸಬೇಕು. ಸೀರೆಯ ಒಳಗೆ ಲಂಗದ ಬದಲು, ಅಥವಾ ಲಂಗದ ಅಡಿಯಲ್ಲಿ, ಉಣ್ಣೆ ಬೆರೆತ ದಪ್ಪ ಲೆಗ್ಗಿಂಗ್ಸ್ ತೊಡಿ. ಮೇಲಕ್ಕೆ ಮೈಗಂಟುವ ತೆಳ್ಳಗಿನ ಥರ್ಮಲ್ ಒಳಂಗಿ, ಅದರ ಮೇಲೆ ಪೂರ್ತಿ ತೋಳಿನ ರವಿಕೆ. ಥರ್ಮಲನ್ನು ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಎಂಬ ಅಂಗಡಿಯಲ್ಲಿ ಕೊಳ್ಳಬಹುದು. ಅದರ ಮೂಲಪುರುಷ ಮೈಕಲ್ ಮಾರ್ಕ್ಸ್ 1884ರಲ್ಲಿ ಎಲ್ಲ ಸಾಮಾನಿಗೂ ಒಂದೇ ಪೆನ್ನಿ ಎಂದು ಮಾರುವ ಮಳಿಗೆ ಹಾಕಿದ್ದು ನಿಮ್ಮ ಲೀಡ್ಸಿನ ಕರ್ಕ್‌ಗೇಟ್ ಮಾರುಕಟ್ಟೆಯಲ್ಲೇ, ಸಮಯ ಸಿಕ್ಕಾಗ ಆ ಮಾರುಕಟ್ಟೆಯನ್ನು ನೋಡಿ ಬನ್ನಿ.

ಸೀರೆ ಯಾವುದೆಂದರೆ, ಅಂಚಿನಲ್ಲಿ ಸಣ್ಣ ಜರಿಯಿರುವ ಮೈಸೂರು ಸಿಲ್ಕು ನಿಮ್ಮ ಆಮಂತ್ರಣಕ್ಕೆ ಸರಿಯಾದ ಅಳತೆ. ಹಗುರ, ಮೈಗೆ ಅಂಟಿ ನಿಲ್ಲುತ್ತದೆ, ರೇಷ್ಮೆಯಾದ್ದರಿಂದ ಬೆಚ್ಚಗೆ. ನಮ್ಮ ಕಾಸರಗೋಡು ಸೀರೆಯ ಮೇಲೆ ನನಗೆ ವಿಶೇಷ ಪ್ರೀತಿ, ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಆ ಕೈಮಗ್ಗದ ಬಟ್ಟೆಯನ್ನು ಲೀಡ್ಸಿನವರಿಗೆ ತೋರಿಸಬೇಕೆಂಬ ಆಸೆಯೂ ಇದೆ; ಆದರೆ ಅದು ಹತ್ತಿ, ಒದ್ದೆಯಾದರೆ ಚಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಜುಲೈ ತಿಂಗಳಿಗೆ ಇಟ್ಟುಕೊಳ್ಳಿ. ಸೆರಗನ್ನು ಮಡಿಕೆ ಮಾಡಿ ಹೆಗಲಿಗೆ ಪಿನ್ನು ಹಾಕಿ ಬಿಗಿಯಾಗಿ ನಿಲ್ಲಿಸಿ. ಮೇಜಿನ ಮೇಲೆ ಮೋಂಬತ್ತಿ ಉರಿಯುತ್ತಿರುತ್ತದೆ, ಇಳಿಬಿಟ್ಟ ಸೆರಗಿಗೆ, ಅದರಲ್ಲಿಯೂ ಪಾಲಿಯೆಸ್ಟರ್ ಜಾರ್ಜೆಟ್ಟಿಗೆ, ಅದು ನಿಜವಾದ ಅಪಾಯ. ರಸ್ತೆಯಲ್ಲಿ ನಡೆಯುವಾಗ ನಿರಿಗೆಯನ್ನು ಗೇಣುದ್ದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ನಾಟಿಗೆ ಗದ್ದೆಗಿಳಿಯುವಾಗ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಹಾಗೆ. ಮೊಣಕಾಲಿನ ಕೆಳಗೆ ಬರುವ ಉದ್ದನೆಯ ಕೋಟು ಅದನ್ನೆಲ್ಲ ಮುಚ್ಚುತ್ತದೆ. ಕಾಲಿಗೆ ರಬ್ಬರಿನ ತಳದ ಬೂಟು ಹಾಕಿಕೊಂಡು ಹೋಗಿ, ಕೂಟದ ಚಪ್ಪಲಿಯನ್ನು ಚೀಲದಲ್ಲಿ ಒಯ್ಯಿರಿ. ಒಳಗೆ ಕೋಟು ಮತ್ತು ಚೀಲವನ್ನು ಇಡಲು ಕ್ಲೋಕ್‌ರೂಮ್ ಇರುತ್ತದೆ, ಅಲ್ಲಿಯೇ ಚಪ್ಪಲಿ ಬದಲಿಸಿ ನಿರಿಗೆ ಸರಿಪಡಿಸಿಕೊಳ್ಳಬಹುದು. ಹೀಗೆ ಮಾಡುವವರು ನೀವೊಬ್ಬರೇ ಅಲ್ಲ, ಎತ್ತರದ ಹಿಮ್ಮಡಿಯ ಷೂಗಳನ್ನು ಚೀಲದಲ್ಲಿ ತರುವ ಅಲ್ಲಿನವರೂ ಅನೇಕರಿದ್ದಾರೆ.

ಬಣ್ಣದ ಬಗ್ಗೆ ನೀವು ಕೇಳಿದ್ದೀರಿ. ಕಪ್ಪು ಅಲ್ಲಿ ಅಶುಭವಲ್ಲ, ಸಂಜೆಯ ಕೂಟಗಳಲ್ಲಿ ಅತಿ ಹೆಚ್ಚು ಕಾಣುವ ಬಣ್ಣವೇ ಅದು. ನಿಮ್ಮ ಮನಸ್ಸು ಒಪ್ಪದಿದ್ದರೆ ಗಾಢ ಹಸಿರು ಅಥವಾ ದಾಳಿಂಬೆ ಕೆಂಪು ಉಡಿ. ಚಿನ್ನ ಕಡಿಮೆ ಇರಲಿ, ಕಿವಿಗೆ ಜುಮುಕಿ ಸಾಕು. ಊಟದ ಮೇಜಿನ ಮೇಲೆ ಇಬ್ಬರು ಎರಡು ಕಡೆಯಿಂದ ಎಳೆದರೆ ಪಟ್ಟೆಂದು ಸದ್ದಾಗುವ ಕಾಗದದ ಸುರುಳಿ ಇಟ್ಟಿರುತ್ತಾರೆ, ಕ್ರ್ಯಾಕರ್ ಎಂದು ಅದರ ಹೆಸರು. ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ 1847ರ ಸುಮಾರಿಗೆ ಆರಂಭಿಸಿದ ಪದ್ಧತಿ. ಅದರೊಳಗಿನ ಕಾಗದದ ಕಿರೀಟವನ್ನು ಮೇಲಧಿಕಾರಿಯಿಂದ ಹಿಡಿದು ಎಲ್ಲರೂ ತಲೆಗೆ ಹಾಕಿಕೊಳ್ಳುತ್ತಾರೆ, ನೀವೂ ಹಾಕಿಕೊಳ್ಳಿ. ಹಾಗಾಗಿ ನೆತ್ತಿಯ ಮೇಲೆ ಎತ್ತರದ ತುರುಬು ಬೇಡ, ಜಡೆ ಅಥವಾ ಕತ್ತಿನ ಹತ್ತಿರದ ಗಂಟು ಒಳ್ಳೆಯದು.

ಒಂದು ವಿನಾಯಿತಿ ಇದೆ. ಡಿಸೆಂಬರಿನಲ್ಲಿಯೇ ಒಂದು ದಿನ ಕಚೇರಿಯಲ್ಲಿ ‘ಕ್ರಿಸ್ಮಸ್ ಜಂಪರ್ ಡೇ’ ಎಂದು ಹೇಳಬಹುದು. ಸೇವ್ ದ ಚಿಲ್ಡ್ರನ್ ಸಂಸ್ಥೆ 2012ರಲ್ಲಿ ಆರಂಭಿಸಿದ ಈ ದಿನದಂದು ಜಿಂಕೆ, ಹಿಮದ ಗೊಂಬೆ, ಕ್ರಿಸ್ಮಸ್ ಮರಗಳ ಚಿತ್ರವಿರುವ ಸ್ವೆಟರ್ ತೊಟ್ಟು ಮಕ್ಕಳ ನೆರವಿಗಾಗಿ ಸಣ್ಣ ದೇಣಿಗೆ ಕೊಡುತ್ತಾರೆ. ಆ ದಿನ ಸೀರೆ ಬೇಡ. ಚಾರಿಟಿ ಶಾಪಿನಿಂದ ಒಂದು ಸ್ವೆಟರ್ ತಂದುಕೊಳ್ಳಿ, ಪ್ರತಿ ವರ್ಷ ಬಳಕೆಗೆ ಬರುತ್ತದೆ. ಕೂಟದ ಆಮಂತ್ರಣ ಜಂಪರಿಗೂ ಅನ್ವಯಿಸುತ್ತದೆಯೋ ಎಂಬ ಸಂಶಯ ಉಳಿದರೆ, ನಿಮ್ಮ ಪಕ್ಕದ ಮೇಜಿನ ಸಹೋದ್ಯೋಗಿಯನ್ನು ‘ನೀವು ಏನು ತೊಡುತ್ತೀರಿ’ ಎಂದು ನೇರವಾಗಿ ಕೇಳಿ. ಅದನ್ನು ಕೇಳುವುದು ಅಲ್ಲಿ ತೀರ ಸಾಮಾನ್ಯ. ನಾನು 2006ರಲ್ಲಿ ಕೇಳಿದ್ದರೆ ನನ್ನ ಸೀರೆ ಉಳಿಯುತ್ತಿತ್ತು.

ನಾನು ಡಿಸೆಂಬರಿನ ಮೊದಲ ವಾರದ ಕೊನೆಗೆ ಲೀಡ್ಸಿಗೆ ಮರಳುತ್ತೇನೆ, ಎಂದರೆ ನಿಮ್ಮ ಕೂಟಕ್ಕೆ ಮೊದಲೇ. ನಿಮ್ಮ ತಾಯಿಯವರ ಬಳಿ ಸರಿಯಾದ ಮೈಸೂರು ಸಿಲ್ಕು ಇದ್ದರೆ ಅದನ್ನು ಬದಿಯಡ್ಕಕ್ಕೆ ಕಳುಹಿಸಲು ಹೇಳಿ, ನಾನು ಅಲ್ಲಿಂದ ಪಡೆದುಕೊಳ್ಳುತ್ತೇನೆ. ನಮ್ಮ ಮನೆಯವರಿಗೆ ಹೊಲಿಯುವ ದರ್ಜಿ ಅಲ್ಲಿಯೇ ಇದ್ದಾರೆ, ಮಖಮಲ್ಲಿನ ರವಿಕೆಯನ್ನು ನಾಲ್ಕು ದಿನದಲ್ಲಿ ಹೊಲಿದು ಕೊಡುತ್ತೇನೆಂದು ಒಪ್ಪಿದ್ದಾರೆ. ನಿಮ್ಮ ಅಳತೆಯನ್ನು ನಾಳೆಯೊಳಗೆ ಬರೆದು ಕಳುಹಿಸಿ. ತೋಳು ಮಣಿಕಟ್ಟಿನವರೆಗೆ ಬರಲಿ, ಒಳಗೆ ಥರ್ಮಲ್ ತೊಟ್ಟುಕೊಂಡೇ ಅಳತೆ ತೆಗೆಯಿರಿ, ಇಲ್ಲವಾದರೆ ಕಂಕುಳಲ್ಲಿ ಬಿಗಿಯುತ್ತದೆ.

ನಿಮ್ಮ,
ನೀರ್ಚಾಲಿನ ಅಕ್ಕ