ಹಿಂದಿಯ ‘ಹೈ’ ನಮ್ಮ ‘ಹೈ’ ಅಲ್ಲ

ಹಿಂದಿ ಅಕ್ಷರ ಎಲ್ಲ ಗೊತ್ತು, ಆದರೆ ಜೋರಾಗಿ ಓದಿದರೆ ಹಿಂದಿ ಮಾತಾಡುವವರಿಗೆ ಅರ್ಥವಾಗುವುದಿಲ್ಲ, ಸ್ವರ ಸರಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ನಾನು ಕೆಲಸಕ್ಕೆ ಅಂತ ಭೋಪಾಲಿನಲ್ಲಿ ನಾಲ್ಕು ವರ್ಷ ಇದ್ದೆ, ನನಗೂ ಇದೇ ಕಷ್ಟ ಇತ್ತು. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ ಅಲ್ವಾ, ಹಿಂದಿಯನ್ನೂ ಹಾಗೇ ಓದುತ್ತೇವೆ. ಎಡವುವುದು ಅಲ್ಲೇ.

ಮೊದಲು ‘ಐ’ ಹಿಡಿಯಿರಿ. ನಿಮ್ಮೂರಿನ ಸ್ಟೇಟ್ ಬ್ಯಾಂಕ್ ಬೋರ್ಡ್ ನೋಡಿ. ಹಿಂದಿಯಲ್ಲಿ ‘ಬ’ಗೆ ಐತ್ವ ಕೊಟ್ಟು ಬರೆದಿರುತ್ತಾರೆ, ನಮ್ಮ ಕಣ್ಣಿಗೆ ಅದು ‘ಬೈಂಕ್’. ಆದರೆ ಅವರು ಓದುವುದು ಬ್ಯಾಂಕ್ ಅಂತಲೇ. ಅಂದರೆ ಅವರ ಐತ್ವ ನಮ್ಮ ‘ಅಯ್’ ಅಲ್ಲ. ‘ಏ’ ಅನ್ನುತ್ತಾ ದವಡೆಯನ್ನು ಸ್ವಲ್ಪ ಕೆಳಗಿಳಿಸಿ ಅಲ್ಲೇ ನಿಲ್ಲಿಸಿ, ನಾಲಿಗೆ ‘ಯ್’ ಕಡೆಗೆ ಜಾರಬಾರದು. ‘ಹೈ’, ‘ಪೈಸಾ’, ‘ಕೈಸಾ’ ಎಲ್ಲಕ್ಕೂ ಇದೇ ಸದ್ದು. ‘ಔ’ ಕೂಡ ಹೀಗೇ, ‘ಔರ್’, ‘ಕೌನ್’ ಅನ್ನುವಾಗ ತುಟಿ ದುಂಡಗೆ ಮಾಡಿ ‘ಆ’ಗೂ ‘ಓ’ಗೂ ನಡುವಿನ ಸದ್ದು ಹೊರಡಿಸಿ. ‘ಭೈಯಾ’, ‘ಕೌವಾ’ ಥರ ಮುಂದೆ ಯ, ವ ಬಂದಾಗ ಮಾತ್ರ ನಮ್ಮ ಹಾಗೇ ಹೇಳುತ್ತಾರೆ. ಬಿಹಾರ, ಬನಾರಸ್ ಕಡೆಯವರ ಬಾಯಲ್ಲಿ ‘ಅಯ್’ ಜಾಸ್ತಿ ಕೇಳಿಸುತ್ತದೆ, ಅದು ಆ ಕಡೆಯ ರೂಢಿ, ಅದಕ್ಕೆ ಗೊಂದಲ ಮಾಡಿಕೊಳ್ಳಬೇಡಿ. ಮೇಲಾ ಅಂದರೆ ಜಾತ್ರೆ, ಮೈಲಾ ಅಂದರೆ ಕೊಳಕು. ಬೇಲ್ ಅಂದರೆ ಬಳ್ಳಿ, ಬೈಲ್ ಅಂದರೆ ಎತ್ತು. ಇಂಥ ಜೋಡಿಗಳನ್ನು ದಿನಾ ಹತ್ತು ಸಲ ಜೋರಾಗಿ ಹೇಳಿ.

ಆಮೇಲೆ ಬರೆದಿದ್ದರೂ ಓದಬಾರದ ‘ಅ’. ಪದದ ಕೊನೆಯ ‘ಅ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ‘ಕಮಲ’ ಅಂತ ಬರೆದಿದ್ದನ್ನು ಕಮಲ್ ಅಂತ ಓದುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಆದರೆ ಅದೇ ಪದ ‘ಕಮಲಾ’ ಆದರೆ ನಡುವಿನ ‘ಅ’ ಬಿದ್ದು ‘ಕಮ್ಲಾ’ ಆಗುತ್ತದೆ. ಪ್ಯಾಕೆಟ್ ಮೇಲೆ ನ, ಮ, ಕೀ, ನ ಅಂತ ನಾಲ್ಕು ಅಕ್ಷರ ಇದ್ದರೂ ಬಾಯಲ್ಲಿ ನಮ್ಕೀನ್. ನಾನಿದ್ದ ಮನೆಯ ಓನರ್ ಆಂಟಿ ಪೇಪರ್ ಓದುವಾಗ ಪಕ್ಕದಲ್ಲಿ ಕೂತು ಕಣ್ಣಲ್ಲಿ ಅದೇ ಸಾಲು ಹಿಂಬಾಲಿಸುತ್ತಿದ್ದೆ, ಎಲ್ಲಿ ‘ಅ’ ಬೀಳುತ್ತದೆ ಅನ್ನೋದು ಯಾವ ನಿಯಮಕ್ಕಿಂತ ಅದರಿಂದಲೇ ನನ್ನ ಕಿವಿಗೆ ಹತ್ತಿತು.

ಹ್ರಸ್ವ ಎ, ಒ ಹಿಂದಿ ವರ್ಣಮಾಲೆಯಲ್ಲಿ ಇಲ್ಲ. ಅದಕ್ಕೇ ನಮ್ಮ ಬೆಂಗಳೂರನ್ನು ಅವರು ಏತ್ವದಲ್ಲೇ ಬರೆಯುತ್ತಾರೆ. ಆದರೆ ಮಾತಲ್ಲಿ ಹ್ರಸ್ವ ಎ ಇದೆ! ‘ಪಹಲಾ’, ‘ಶಹರ’ ಅಂತ ಬರೆದು ಪೆಹ್ಲಾ, ಶೆಹರ್ ಅನ್ನುತ್ತಾರೆ. ಇಲ್ಲಿ ನಮಗೆ ಅನುಕೂಲ, ಆ ಸ್ವರ ನಮ್ಮ ನಾಲಿಗೆಯಲ್ಲಿ ಮೊದಲೇ ಇದೆ. ಋ ಮಾತ್ರ ‘ರು’ ಅಲ್ಲ, ‘ರಿ’. ಕ್ರಿಪಾ, ರಿತು.

ಮೂಗಿನ ಸ್ವರಕ್ಕೆ ಹೆದರಬೇಡಿ. ಫೋನಲ್ಲಿ ‘ಹಾಂ, ಹೇಳಿ’ ಅನ್ನುತ್ತೀರಲ್ಲ, ಆ ‘ಹಾಂ’ ಹೇಳುವಾಗ ತುಟಿ ಮುಚ್ಚುತ್ತದಾ? ಇಲ್ಲ. ‘ನಹೀಂ’, ‘ಮೈಂ’ ಎರಡೂ ಹಾಗೇ, ಕೊನೆಯಲ್ಲಿ ‘ಮ್’ ಬರಬಾರದು. ಆದರೆ ಮೂಗಿನ ಸದ್ದನ್ನೇ ಬಿಟ್ಟುಬಿಟ್ಟರೆ ಅರ್ಥವೇ ಬದಲಾಗುತ್ತದೆ. ‘ಹೈ’ ಏಕವಚನ, ‘ಹೈಂ’ ಬಹುವಚನ. ದೊಡ್ಡವರ ಬಗ್ಗೆ ಮಾತಾಡುವಾಗಲೂ ‘ಹೈಂ’ ಅನ್ನಬೇಕು.

ಓದುವಾಗ ಕಣ್ಣು ತಪ್ಪುವುದು ಗುಡಿಸಿನಲ್ಲಿ. ಹ್ರಸ್ವ ಇ ಗುರುತು ಅಕ್ಷರದ ಎಡಕ್ಕೆ ಬರುತ್ತದೆ, ಓದುವುದು ಮಾತ್ರ ಅಕ್ಷರದ ನಂತರ. ದೀರ್ಘ ಈ ಬಲಕ್ಕೆ. ‘ಹಿಂದಿ’ ಅನ್ನೋ ಪದವನ್ನೇ ಅವರ ಲಿಪಿಯಲ್ಲಿ ಬರೆದು ನೋಡಿ. ಮೊದಲನೆಯದು ಹ್ರಸ್ವ, ಎಡಕ್ಕೆ. ಕೊನೆಯದು ದೀರ್ಘ, ಬಲಕ್ಕೆ. ನಾವು ಕನ್ನಡದಲ್ಲಿ ‘ದಿ’ ಅಂತ ಬರೆದರೂ ಅವರದು ‘ದೀ’. ಇವತ್ತು ಆ ಒಂದು ಪದದಿಂದ ಶುರು ಮಾಡಿ, ನಾಳೆ ಬ್ಯಾಂಕ್ ಬೋರ್ಡ್ ಓದಿ.